‘ಆದ್ದರಿಂದ’ ಅಂದ ಕೂಡಲೇ ಟಿಕ್ ಹಾಕಬೇಡಿ

ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಸಾಮಾನ್ಯ ಅಧ್ಯಯನದ ಪತ್ರಿಕೆಯನ್ನು ಚೆನ್ನಾಗಿ ಬರೆದ ಮಕ್ಕಳು ಸಿಸ್ಯಾಟ್‌ನಲ್ಲಿ ಬಿದ್ದು ವಾಪಸ್ ಬರುತ್ತಿದ್ದಾರೆ. 2011ರಲ್ಲಿ ಬಂದ ಈ ಪತ್ರಿಕೆ 2015ರಿಂದ ಪಾಸಾದರೆ ಸಾಕು ಎಂಬಂತಾಯಿತು, ನೂರಕ್ಕೆ 33ರಷ್ಟು ಅಂಕ ಬೇಕು. ಕೇಳಲು ಸುಲಭ. ಆದರೆ 80 ಪ್ರಶ್ನೆ, ಎರಡು ಗಂಟೆ, ತಪ್ಪು ಉತ್ತರಕ್ಕೆ ಮೂರನೇ ಒಂದರಷ್ಟು ಅಂಕ ಕಡಿತ. ಇಲ್ಲಿ ಫೇಲಾದವರ ಮೊದಲ ಪತ್ರಿಕೆಯ ಅಂಕವನ್ನು ಯಾರೂ ಕೇಳುವುದಿಲ್ಲ.

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಓದುವವರಲ್ಲಿ ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯ ನಮ್ಮ ಮಕ್ಕಳೂ ಇದ್ದಾರೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಈಗ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ‘ಗಣಿತ ಕಷ್ಟ’ ಅಂತಲೇ ಹೆಚ್ಚಿನವರ ದೂರು. ಆದರೆ ಅವರು ಬಿಡಿಸಿದ ಹಳೆಯ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂತರೆ ಬೇರೆ ಕಥೆ ಕಾಣುತ್ತದೆ. ಒಂದು ಪ್ಯಾರಾ ಕೊಟ್ಟು, ‘ಇದರ ಮುಖ್ಯ ತಿರುಳು ಯಾವುದು, ಲೇಖಕ ಕೊನೆಗೆ ಏನು ಹೇಳುತ್ತಿದ್ದಾನೆ’ ಎಂದು ಕೇಳುವ ಕಡೆ ಎಡವುತ್ತಿದ್ದಾರೆ. ಇಲ್ಲೇ ಬೆಳೆದ ಒಬ್ಬ ಹುಡುಗ ನಮ್ಮನ್ನು ಕೇಳಿದ, “ಉಸ್ತಾದ್ರೇ, ನಾಲ್ಕೂ ಆಪ್ಶನ್ ಖರೇನ ಅದಾವ್ರಿ, ಯಾವ್ದಕ್ಕ ಟಿಕ್ ಹಾಕ್ಬೇಕ್ರಿ?”

ರೋಗ ಇಲ್ಲೇ ಇದೆ. ಶಾಲೆಯಲ್ಲಿ ನಾವು ಮಕ್ಕಳಿಗೆ ಕಲಿಸಿದ್ದು ಸರಿಯಾದ ಸಂಗತಿ ಹುಡುಕುವುದನ್ನು. ಈ ಪ್ರಶ್ನೆ ಕೇಳುತ್ತಿರುವುದು ಬೇರೆ. ಬರೆದವನು ನಮ್ಮನ್ನು ಯಾವ ಮಾತಿಗೆ ಒಪ್ಪಿಸಲು ಹೊರಟಿದ್ದಾನೆ, ಅದಕ್ಕೆ ಯಾವ ಮಾತುಗಳನ್ನು ಆಧಾರ ಕೊಟ್ಟಿದ್ದಾನೆ? ಆಧಾರದ ಮಾತೂ ನಿಜವೇ ಇರಬಹುದು, ಆದರೆ ಅದು ತೀರ್ಮಾನವಲ್ಲ.

ಕೋಚಿಂಗ್‌ನಲ್ಲಿ ಇದಕ್ಕೊಂದು ಉಪಾಯ ಹೇಳಿಕೊಡುತ್ತಾರಂತೆ. ‘ಆದ್ದರಿಂದ’, ‘ಹೀಗಾಗಿ’ ಎಲ್ಲಿದೆ ನೋಡು, ಇಲ್ಲದಿದ್ದರೆ ಕೊನೆಯ ಸಾಲಿಗೆ ಹೋಗು. ಈ ಉಪಾಯದ ಮೇಲೆ ನಮಗೆ ನಂಬಿಕೆಯಿಲ್ಲ. ಅಭ್ಯಾಸಕ್ಕೆ ನಾವೇ ಒಂದು ಪ್ಯಾರಾ ಬರೆದಿದ್ದೇವೆ, ನೋಡಿ:

‘ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಪ್ರತ್ಯೇಕ ಪಥವನ್ನು ಎಲ್ಲ ವಾಹನಗಳಿಗೂ ಬಿಟ್ಟುಕೊಡಬೇಕು ಎಂದು ಕೆಲವರು ಹೇಳುತ್ತಾರೆ. ಈ ಬೇಡಿಕೆಯನ್ನು ಒಪ್ಪಬಾರದು. ಪಥ ತೆರೆದರೆ ಬಸ್ಸೂ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಸ್ಸು ತಡವಾದರೆ ಜನ ಮತ್ತೆ ಬೈಕು, ಕಾರು ಹಿಡಿಯುತ್ತಾರೆ. ಆದ್ದರಿಂದ ಪಥ ತೆರೆಯುವುದರಿಂದ ರಸ್ತೆಯ ದಟ್ಟಣೆ ಇನ್ನೂ ಹೆಚ್ಚುತ್ತದೆ.’

ಉಪಾಯ ಕಲಿತ ಮಗು ಕೊನೆಯ ಸಾಲಿಗೆ ಟಿಕ್ ಹಾಕುತ್ತದೆ. ‘ಆದ್ದರಿಂದ’ ಇದೆ, ಕೊನೆಯ ಸಾಲೂ ಹೌದು. ಆದರೂ ತಪ್ಪು. ಪ್ರತಿ ಸಾಲಿನ ಮುಂದೆ ‘ಯಾಕೆ?’ ಅಂತ ಇಟ್ಟು ನೋಡಿ. ‘ಬೇಡಿಕೆ ಒಪ್ಪಬಾರದು.’ ಯಾಕೆ? ‘ದಟ್ಟಣೆ ಹೆಚ್ಚುತ್ತದೆ.’ ಮಾತು ಕೂಡಿತು. ತಿರುವಿ ಕೇಳಿ. ‘ದಟ್ಟಣೆ ಹೆಚ್ಚುತ್ತದೆ.’ ಯಾಕೆ? ‘ಬೇಡಿಕೆ ಒಪ್ಪಬಾರದು.’ ಕೂಡಲಿಲ್ಲ. ಕೊನೆಯ ಸಾಲು ನಡುವಿನ ಮೆಟ್ಟಿಲು ಮಾತ್ರ. ಅದರ ಹಿಂದಿನ ಎರಡು ಸಾಲು ಅದಕ್ಕೆ ಆಧಾರ, ಅದು ಎರಡನೇ ಸಾಲಿಗೆ ಆಧಾರ. ಎಲ್ಲಾ ಸಾಲೂ ಯಾವುದಕ್ಕೆ ಹೆಗಲು ಕೊಡುತ್ತಿವೆಯೋ, ತಾನು ಯಾವುದಕ್ಕೂ ಹೆಗಲು ಕೊಡುತ್ತಿಲ್ಲವೋ, ಅದೇ ತೀರ್ಮಾನ. ಮೊದಲ ಸಾಲಂತೂ ಎದುರು ಪಕ್ಷದವರ ಮಾತು, ಲೇಖಕ ಅದನ್ನು ತಳ್ಳಿಹಾಕಲೆಂದೇ ತಂದಿದ್ದು.

ಆಯ್ಕೆಗಳಲ್ಲಿ ಈ ಸಾಲು ಇದ್ದ ಹಾಗೇ ಬರುವುದೂ ಇಲ್ಲ. ‘ಪ್ರತ್ಯೇಕ ಪಥ ಬಸ್ಸಿಗೇ ಇರಬೇಕು’ ಎಂದು ರೂಪ ಬದಲಿಸಿ ಬರುತ್ತದೆ. ಪಕ್ಕದಲ್ಲೇ ‘ಎಲ್ಲ ನಗರಗಳಲ್ಲೂ ಬಸ್ಸಿಗೆ ಪ್ರತ್ಯೇಕ ಪಥ ಬೇಕು’ ಅಂತ ಇನ್ನೊಂದು ಇರುತ್ತದೆ. ಕೇಳಲು ಚಂದ, ಆದರೆ ಲೇಖಕ ಅಷ್ಟು ದೂರ ಹೋಗಿಲ್ಲ. ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ಚಿಗರಿಯ ಖಾಲಿ ಪಥ ನೋಡಿ ಹೊಟ್ಟೆ ಉರಿಸಿಕೊಳ್ಳುವ ಹುಡುಗ ಮೊದಲ ಸಾಲಿಗೇ ಟಿಕ್ ಹಾಕಿಯಾನು. ತನ್ನ ಅಭಿಪ್ರಾಯವನ್ನು ಎರಡು ನಿಮಿಷ ಬಾಗಿಲ ಹೊರಗೆ ಬಿಡುವುದು ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ. ದೊಡ್ಡವರಿಗೂ ಬರುವುದಿಲ್ಲ, ವಾಟ್ಸಾಪ್ ಗುಂಪುಗಳನ್ನು ನೋಡಿದರೆ ಸಾಕು.

ಇದು ಇಂಗ್ಲಿಷಿನವರ ವಿದ್ಯೆ ಅಂತ ಹೆದರಬೇಕಿಲ್ಲ. ದರ್ಸ್‌ನಲ್ಲಿ ಮಂತಿಕ್ ಓದಿದವರಿಗೆ ‘ನತೀಜ’ ಹೊಸ ಪದವಲ್ಲ. ಅಲ್ಲಿ ಎರಡು ಮುಖದ್ದಿಮ ಇಟ್ಟ ಮೇಲೆ ನತೀಜ ಬರುತ್ತದೆ. ಈ ನೆಲದ ನ್ಯಾಯಶಾಸ್ತ್ರದವರು ಐದು ಅಂಗ ಹೇಳಿದರು. ಗುಡ್ಡದಲ್ಲಿ ಬೆಂಕಿ ಇದೆ ಎಂಬ ಪ್ರತಿಜ್ಞೆ ಮೊದಲು, ಹೊಗೆ ಎಂಬ ಹೇತು ಆಮೇಲೆ, ಕೊನೆಗೆ ನಿಗಮನದಲ್ಲಿ ಮತ್ತೆ ಅದೇ ಬೆಂಕಿಯ ಮಾತು. ಅಂದರೆ ತೀರ್ಮಾನ ಮೊದಲೂ ಬರಬಹುದು, ಕೊನೆಗೂ ಬರಬಹುದು. ನಮ್ಮ ದಿನದ ಮಾತು ಹೆಚ್ಚಾಗಿ ಕೊನೆಗೆ ಇಡುತ್ತದೆ: ‘ಮಳೆ ಜೋರಿದೆ, ಬಸ್ಸೂ ಇಲ್ಲ, ನಾಳೆ ಬರ್ತೇವೆ.’ ಇಂಗ್ಲಿಷ್ ಪ್ಯಾರಾಗಳು ಎಷ್ಟೋ ಸಲ ‘ನಾಳೆ ಬರ್ತೇವೆ’ಯನ್ನು ಮೊದಲೇ ಹೇಳಿ, ಮಳೆಯ ಕಥೆ ಆಮೇಲೆ ಹೇಳುತ್ತವೆ. ಕನ್ನಡ ಮಾಧ್ಯಮದ ಮಗು ಕೊನೆಯ ಸಾಲಿಗೆ ಓಡುವುದಕ್ಕೆ ಇದೂ ಒಂದು ಕಾರಣವಿರಬೇಕು.

ಕೆಪಿಎಸ್‌ಸಿ ಪತ್ರಿಕೆಯಲ್ಲಿ ಕನ್ನಡ ಇದೆಯಲ್ಲ ಎನ್ನುವವರಿಗೆ 2024 ನೆನಪಿರಬೇಕು. ಆಗಸ್ಟ್ 27ರ ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಕೆಟ್ಟಿತ್ತು, ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆಯಿತು, ಅಲ್ಲೂ ತಪ್ಪುಗಳ ದೂರು ಬಂತು. ತೀರ್ಮಾನ ಹುಡುಕುವ ಪ್ರಶ್ನೆಯಲ್ಲಿ ‘ಆದರೆ’ ಬಿಟ್ಟುಹೋದರೂ, ‘ಮಾತ್ರ’ ಜಾಗ ಬದಲಿಸಿದರೂ ಉತ್ತರವೇ ತಿರುಗಿಬಿಡುತ್ತದೆ. ಮೊದಲೇ ಕನ್ನಡದಲ್ಲಿ ಬರೆದ ಪ್ಯಾರಾ ಕೊಡಿ ಎಂದು ಆಯೋಗವನ್ನು ಕೇಳುವುದು ನ್ಯಾಯವಾದ ಬೇಡಿಕೆ. ಅದು ಸಿಗುವವರೆಗೆ ಸಂಶಯ ಬಂದರೆ ಇಂಗ್ಲಿಷ್ ಪಾಠವನ್ನೂ ಒಮ್ಮೆ ನೋಡುವುದು ಮಕ್ಕಳಿಗೆ ಅನಿವಾರ್ಯ.

ಕಾನೂನು ಓದಬೇಕೆಂದಿರುವ ಪಿಯುಸಿ ಮಕ್ಕಳಿಗೂ ಇದು ಬೇಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಐದು ವರ್ಷದ ಕೋರ್ಸಿಗೆ ಕ್ಲಾಟ್ ಬರೆಯಬೇಕು. ಆ ಪರೀಕ್ಷೆ ಈಗ ಪ್ಯಾರಾ ಓದಿಸಿಯೇ ತರ್ಕ ಕೇಳುತ್ತದೆ.

ಜಮಾಅತಿನ ಹಿರಿಯರಲ್ಲಿ ನಮ್ಮದೊಂದು ಕೋರಿಕೆ. ಪೇಪರ್ ಬರುವ ಕಡೆ ವಾರಕ್ಕೊಂದು ಗಂಟೆ ಮಕ್ಕಳನ್ನು ಕೂರಿಸಿ. ಖರ್ಚೇನೂ ಇಲ್ಲ. ಯಾವುದಾದರೂ ಸಂಪಾದಕೀಯ, ವಾಚಕರ ಪತ್ರ ತೆಗೆದುಕೊಳ್ಳಿ, ಈ ಬರಹವನ್ನೇ ಬೇಕಾದರೂ ತೆಗೆದುಕೊಳ್ಳಿ. ಬರೆದವರ ಮುಖ್ಯ ಮಾತನ್ನು ಪ್ರತಿ ಮಗು ತನ್ನದೇ ಒಂದು ವಾಕ್ಯದಲ್ಲಿ ಬರೆಯಲಿ. ಆಮೇಲೆ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ‘ಯಾಕೆ?’ ಎಂದು ಕೇಳಲಿ. ಮೊದಲ ಕೆಲವು ವಾರ ನಾಲ್ಕು ಆಯ್ಕೆಗಳನ್ನು ತೋರಿಸಲೇಬೇಡಿ.