ಮುಟ್ಟಿಸಿಕೊಳ್ಳೋಕೆ ಐನೂರು ರೂಪಾಯಿ

ನಾವು ಹೂಟಗಳ್ಳಿಯವರು. ಮೈಸೂರಿಂದ ಹುಣಸೂರು ರಸ್ತೆ ಹಿಡಿದು ಹಿನಕಲ್ ದಾಟಿದರೆ ನಮ್ಮೂರು. ಹೊಲ ಇದ್ದ ಕಡೆ ಕೈಗಾರಿಕಾ ಪ್ರದೇಶ ಬಂತು, ಅದರ ಬೆನ್ನಿಗೇ ಹೌಸಿಂಗ್ ಬೋರ್ಡ್ ಕಾಲೋನಿ ಬಂತು, ಪಂಚಾಯ್ತಿ ಹೋಗಿ ನಗರಸಭೆ ಬಂತು. ಇಷ್ಟೆಲ್ಲ ಬಂದರೂ ಕೇರಿ ಮಾತ್ರ ಕೇರಿಯಾಗೇ ಉಳಿಯಿತು. ನಮ್ಮಲ್ಲಿ ಹೆಚ್ಚಿನವರು ಗುತ್ತಿಗೆ ಕೂಲಿಗಳು. ಹೆಂಗಸರು ಕಾಲೋನಿ ಮನೆಗಳಲ್ಲಿ ಕಸ ಮುಸುರೆ ಮಾಡುವವರು. ಒಬ್ಬಿಬ್ಬರು ಮೇಷ್ಟ್ರು, ಒಬ್ಬಿಬ್ಬರು ಗುಮಾಸ್ತರು. ಹಬ್ಬಕ್ಕೂ ಹೆಣಕ್ಕೂ ಎಲೆಕ್ಷನ್ನಿಗೂ ತಮಟೆ ಬಡಿಯೋರು ನಾವೇ.

ಈಚೆಗೆ ಒಂದು ಸಂಜೆ ನಮ್ಮ ನಾಲ್ಕು ಹುಡುಗರನ್ನು ತಮಟೆಗೆ ಕರೆದರು. ಸಾವಲ್ಲ, ಮದುವೆಯಲ್ಲ. ನಾಟಕ. ಬಡಾವಣೆಯ ಒಂದು ದೊಡ್ಡ ಮನೆಯಲ್ಲಿ ‘ಆಪ್ತ ರಂಗಪ್ರಯೋಗ’ವಂತೆ. ತಂಡದ ಹೆಸರು ಇಲ್ಲಿ ಬೇಡ, ಮನೆಯವರ ಹೆಸರೂ ಬೇಡ. ಹೆಸರಿಟ್ಟು ಬೈದರೆ ಅವರೊಬ್ಬರದೇ ತಪ್ಪು ಅಂತಾಗಿ ಉಳಿದವರೆಲ್ಲ ನೆಮ್ಮದಿಯಾಗಿ ಮಲಗಿಬಿಡುತ್ತಾರೆ.

ಪ್ರೇಕ್ಷಕರು 25 ಜನ ಮಾತ್ರ. ಟಿಕೆಟ್ಟು 500 ರೂಪಾಯಿ. ಬಂದವರ ಕಣ್ಣಿಗೆ ಬಟ್ಟೆ ಕಟ್ಟಿ, ಕೈ ಹಿಡಿದು, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆಸುತ್ತಾರೆ. ಒಂದು ಕೋಣೆಯಲ್ಲಿ ಮಲ್ಲಿಗೆ ವಾಸನೆ. ಇನ್ನೊಂದರಲ್ಲಿ ಬಾಯಿಗೆ ಬೆಲ್ಲದ ಚೂರು. ಮತ್ತೊಂದರಲ್ಲಿ ಯಾರೋ ಪಕ್ಕ ಕೂತು, ಹೆಗಲ ಮೇಲೆ ಕೈಯಿಟ್ಟು, ಕಿವಿಯಲ್ಲಿ ಕತೆ ಹೇಳುತ್ತಾರೆ. ಕೊನೆಗೆ ದೂರದಿಂದ ತಮಟೆ ಕೇಳಬೇಕು. ಆ ‘ದೂರ’ ಅಂದರೆ ನಮ್ಮ ಹುಡುಗರು. ಕಾಂಪೌಂಡಿನ ಹೊರಗೆ ನಿಂತು ಸನ್ನೆ ಸಿಕ್ಕಾಗ ಬಡಿಯಬೇಕು. ಒಳಗೆ ಸ್ಟೀಲ್ ಲೋಟದಲ್ಲಿ ಕಾಫಿ ಹೋಯಿತು, ಹೊರಗೆ ಪೇಪರ್ ಕಪ್ಪಿನಲ್ಲಿ ಬಂತು. ಜಾತಿಯನ್ನು ಯಾರೂ ಕೇಳಲಿಲ್ಲ, ಅದು ನಿಜ. ತಮಟೆ ಹಿಡಿದವನ ಜಾತಿ ಕೇಳುವಂಥ ದಡ್ಡ ಈ ನಾಡಿನಲ್ಲಿ ಯಾರಿದ್ದಾನೆ?

ನಮ್ಮ ಹುಡುಗರಲ್ಲಿ ಒಬ್ಬ ಕೇಳಿದನಂತೆ, “ವಸಿ ಒಳಕ್ ಬಂದು ನೋಡ್ಲಾ ಸಾರ್?”

“ಜಾಗ ಇಲ್ಲಪ್ಪ. ಲೆಕ್ಕ ಹಾಕಿ 25 ಜನಕ್ಕೇ ಮಾಡಿರೋದು.”

ಆಟ ಮುಗಿಯಿತು. ಜನ ಹೊರಗೆ ಬಂದರು. ಕೆಲವರ ಕಣ್ಣು ಒದ್ದೆಯಾಗಿತ್ತು. ಗೇಟಿನ ಹತ್ತಿರ ಒಬ್ಬರು ಇನ್ನೊಬ್ಬರಿಗೆ ಹೇಳಿದರು, ತಮ್ಮನ್ನು ಯಾರಾದರೂ ಹೀಗೆ ಪ್ರೀತಿಯಿಂದ ಮುಟ್ಟಿ ಎಷ್ಟೋ ವರ್ಷ ಆಗಿತ್ತು ಎಂದು. ಹುಡುಗ ಕೇಳಿಸಿಕೊಂಡ. ರಾತ್ರಿ ಕೇರಿಗೆ ಬಂದು ತಮಟೆ ಗೋಡೆಗೆ ನೇತುಹಾಕಿ ನಮ್ಮನ್ನು ಕೇಳಿದ: “ಅಣ್ಣಾ, ಅವ್ರನ್ನ ಯಾರೂ ಮುಟ್ಟೇ ಇಲ್ವಂತೆ. ಐನೂರು ಕೊಟ್ಟು ಮುಟ್ಟಿಸ್ಕಂಡ್ರು. ನಮ್ಮನ್ನ ಮುಟ್ಸ್ಕೊಳಕ್ಕೆ ನಾವ್ ಎಷ್ಟು ಕೊಡ್ಬೇಕು?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಲೇಖನ ಆ ಹುಡುಗನಿಗೆ ಕೊಡಬೇಕಾದ ಉತ್ತರ. ಆ 25 ಜನರ ಮುಂದೆ ಇಡಬೇಕಾದ ಪ್ರಶ್ನೆಯೂ ಹೌದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಚಿಕ್ಕ ನಾಟಕಕ್ಕೆ ನಾವು ಶತ್ರುಗಳಲ್ಲ. ಎತ್ತರದ ವೇದಿಕೆ, ಮಖಮಲ್ ಪರದೆ, ಕತ್ತಲಲ್ಲಿ ಕೂತ ಸಾವಿರ ತಲೆ, ಇದೇ ನಾಟಕ ಅಂತ ನಾವು ಎಂದೂ ನಂಬಿದವರಲ್ಲ. ಪೋಲೆಂಡಿನ ಗ್ರೊಟೊವ್‌ಸ್ಕಿ 1960ರ ದಶಕದಲ್ಲಿ ಸೆಟ್ಟು, ಬಣ್ಣ, ದೀಪದ ಆಡಂಬರವನ್ನೆಲ್ಲ ಕಿತ್ತೆಸೆದು ಬೆರಳೆಣಿಕೆಯ ಜನರ ಮುಂದೆ ನಟನ ಮೈ ಒಂದನ್ನೇ ನಿಲ್ಲಿಸಿದ. ಕಲ್ಕತ್ತದ ಬಾದಲ್ ಸರ್ಕಾರ್ 1970ರ ದಶಕದಲ್ಲಿ ವೇದಿಕೆಯಿಂದ ಇಳಿದು ಒಂದು ಕೋಣೆಯಲ್ಲಿ ಪ್ರೇಕ್ಷಕರ ನಡುವೆಯೇ ಆಡಿದರು. ಅದಕ್ಕೆ ಅಂಗನಮಂಚ ಅಂದರು. ಅವರು ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನು ನಮ್ಮ ಆಪ್ತ ರಂಗದವರು ಮರೆಯುತ್ತಾರೆ. ಕೋಣೆಯೊಳಗೆ ಬರುವವರು ಯಾರು ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಟಿಕೆಟ್ಟು ಬಿಟ್ಟರು, ಪಾರ್ಕಿಗೆ ಹೋದರು, ಹಳ್ಳಿಗೆ ಹೋದರು, ಕೊಟ್ಟವರು ಕೊಟ್ಟಷ್ಟು ಅಂದರು. ಹತ್ತಿರ ಬರುವುದು ಅಂದರೆ ಅಗ್ಗವಾಗುವುದು, ಹೊತ್ತುಕೊಂಡು ಹೋಗುವಷ್ಟು ಹಗುರಾಗುವುದು ಎಂದು ಅವರಿಗೆ ಗೊತ್ತಿತ್ತು.

ಇತ್ತ ನ್ಯೂಯಾರ್ಕಿನಲ್ಲಿ 2011ರಿಂದ 2025ರ ಜನವರಿವರೆಗೆ ಇನ್ನೊಂದು ಬಗೆಯದು ನಡೆಯಿತು. ‘ಸ್ಲೀಪ್ ನೋ ಮೋರ್’ ಅಂತ ಅದರ ಹೆಸರು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಕತೆ. ಹೋಟೆಲಿನ ಹಾಗೆ ಸಜ್ಜು ಮಾಡಿದ ಕಟ್ಟಡದಲ್ಲಿ ಪ್ರೇಕ್ಷಕರು ಮುಖವಾಡ ಹಾಕಿಕೊಂಡು ತಮಗೆ ಬೇಕಾದ ಕೋಣೆಗೆ ನುಗ್ಗಿ ನೋಡಬಹುದಿತ್ತು. ಮುಖವಾಡದ ಹಿಂದೆ ನಿಂತು ಇನ್ನೊಬ್ಬರ ಬದುಕನ್ನು ಇಣುಕುವ ಸುಖಕ್ಕೆ ಬೆಲೆ ಕಟ್ಟಿದ್ದರು. ನಮ್ಮ ಊರುಗಳ ಹೊಸ ಆಪ್ತ ರಂಗ ಬಾದಲ್ ಸರ್ಕಾರರ ಹೆಸರು ಹೇಳುತ್ತದೆ, ನಡೆಯುವುದು ಮಾತ್ರ ನ್ಯೂಯಾರ್ಕಿನ ದಾರಿಯಲ್ಲಿ.

ಮೈಸೂರಿಗಂತೂ ಸಣ್ಣ ಸಭೆ ಹೊಸದೇನೂ ಅಲ್ಲ. ಇಲ್ಲಿ ಅದಕ್ಕೆ ಎರಡು ವಂಶ ಇವೆ.

ಒಂದು ಅರಮನೆಯದು. 1880ರ ದಶಕದಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆ ನಾಟಕ ಕಂಪನಿ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ಕನ್ನಡ ರಂಗಭೂಮಿಗೆ ಅದರಿಂದ ಲಾಭವಾಯಿತು, ಇಲ್ಲ ಅನ್ನೋದಿಲ್ಲ. ಆದರೆ ದೊರೆಯ ಮುಂದೆ ಕೂರುವ ಸಭೆ ಯಾಕೆ ಚಿಕ್ಕದು? ಉಳಿದವರನ್ನು ಹೊರಗಿಟ್ಟಿದ್ದರಿಂದ ಚಿಕ್ಕದು.

ಇನ್ನೊಂದು ಕೇರಿಯದು. ಅದು ಯಾಕೆ ಚಿಕ್ಕದು? ನಮ್ಮ ಅಂಗಳ ಇರೋದೇ ಅಷ್ಟು.

ನೀಲಗಾರರ ಒಂದು ರಾತ್ರಿ ನೋಡಿದವರಿಗೆ ಇದು ಗೊತ್ತು. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯಲ್ಲಿ ಮಂಟೇಸ್ವಾಮಿ, ಸಿದ್ದಪ್ಪಾಜಿಯ ಒಕ್ಕಲಾದ ಮನೆಯವರು ಹರಕೆ ಹೊತ್ತು ಕತೆ ಮಾಡಿಸುತ್ತಾರೆ. ಹೊತ್ತು ಮುಳುಗಿ ಉಂಡಾದ ಮೇಲೆ ಅಂಗಳಕ್ಕೆ ಕಂಬಳಿ ಹಾಸುತ್ತಾರೆ. ಮುಂದಾಳು ತಂಬೂರಿ ಎತ್ತಿಕೊಳ್ಳುತ್ತಾನೆ, ಪಕ್ಕದವರ ಕೈಲಿ ಗಗ್ಗರ, ತಾಳ, ಡಕ್ಕೆ. ಮೂರು ನಾಲ್ಕು ಜನ, ಅಷ್ಟೆ. ಕೇಳುವವರು ಮನೆಮಂದಿ, ಅಕ್ಕಪಕ್ಕದವರು. ಇಪ್ಪತ್ತು ಇದ್ದರೆ ಇಪ್ಪತ್ತು, ಐವತ್ತು ಇದ್ದರೆ ಐವತ್ತು. ಮುಂದಾಳು ಹಾಡುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ, ನಡುವೆ ಪ್ರಶ್ನೆ ಹಾಕುತ್ತಾರೆ. ಕೂತವರೂ ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ತಾತ ಅಲ್ಲೇ ತೂಕಡಿಸುತ್ತಾನೆ, ಮಗು ಮೊಲೆ ಕುಡಿಯುತ್ತದೆ, ದೊಡ್ಡವ್ವ ಎದ್ದು ಹೋಗಿ ಟೀ ಕಾಯಿಸುತ್ತಾಳೆ. ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬಂದವನು ಚಪ್ಪಲಿ ಬಿಟ್ಟು ಕಂಬಳಿ ತುದಿಗೆ ಕೂರುತ್ತಾನೆ. ಅಲ್ಲಿಗೆ ಕತೆ ಎಲ್ಲಿಗೆ ಬಂದಿತ್ತೋ ಅಲ್ಲಿಂದಲೇ ಅವನಿಗೂ ಕತೆ. ಕೋಳಿ ಕೂಗುವ ಹೊತ್ತಿಗೆ ಹಾಡುವವನ ಗಂಟಲು ಒಡೆದಿರುತ್ತದೆ, ಕೇಳುವವರ ಕಣ್ಣು ಕೆಂಪಗಾಗಿರುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ ಯಾರನ್ನೂ ಕತೆಯೊಳಗೆ ಮುಳುಗಿಸಬೇಕಾಗಿಲ್ಲ. ಟಿಕೆಟ್ಟು ಇಲ್ಲ. ಪಡಿ ಅಕ್ಕಿ, ಬೇಳೆ, ಕೈಲಾದ ಕಾಣಿಕೆ.

ಅವರು ಹಾಡುವುದೇನು? ಕಲ್ಯಾಣದ ಸಾಲನ್ನು ನೆನೆಯಿರಿ. ಬಸವಣ್ಣನ ಕಲ್ಯಾಣದಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ದಿನವೂ ದಾಸೋಹ. ಎಲ್ಲರೂ ಸಮಾನರು ಎಂಬ ಮಾತು. ಅಲ್ಲಿಗೆ ಮಂಟೇದ ಗುರು ಮೈ ನಾರುವ ವೇಷದಲ್ಲಿ ಬರುತ್ತಾನೆ. ಬಾಗಿಲಲ್ಲಿ ತಡೆಯುತ್ತಾರೆ. ಸಮಾನತೆಯ ಊರಿನ ಬಾಗಿಲಲ್ಲೇ ತಡೆಯುತ್ತಾರೆ! ಗುರು ತಿಪ್ಪೆಯ ಮೇಲೆ ಕೂರುತ್ತಾನೆ. ಆ ಇಡೀ ಕಲ್ಯಾಣಕ್ಕೆ ಪರೀಕ್ಷೆ ನಡೆಯುವುದು ಒಳಗಿನ ಪಂಕ್ತಿಯಲ್ಲಲ್ಲ, ಹೊರಗಿನ ತಿಪ್ಪೆಯ ಮೇಲೆ.

ನಮ್ಮ ಹುಡುಗ ಗೇಟಿನ ಹೊರಗೆ ನಿಂತು ಕೇಳಿದ್ದೂ ಅದೇ ಪ್ರಶ್ನೆ. ಒಳಗೆ ಎಷ್ಟು ಹತ್ತಿರ ಕೂತಿದ್ದೀರಿ ಎಂಬುದನ್ನು ಆಮೇಲೆ ಹೇಳಿ, ಬಾಗಿಲಲ್ಲಿ ಯಾರನ್ನು ನಿಲ್ಲಿಸಿದ್ದೀರಿ ಎಂಬುದನ್ನು ಮೊದಲು ಹೇಳಿ.

ಹೊಸ ರಂಗದವರು ‘ಸ್ಪರ್ಶ’ ಅನ್ನುತ್ತಾರೆ. ನಟ ಪ್ರೇಕ್ಷಕನನ್ನು ಮುಟ್ಟಬೇಕು, ನಡುವಿನ ಗೋಡೆ ಬೀಳಬೇಕು ಅನ್ನುತ್ತಾರೆ. ಯುರೋಪಿನವರಿಗೆ ಆ ಗೋಡೆ ವೇದಿಕೆಯ ಅಂಚಿನಲ್ಲಿತ್ತು. ನಮಗೆ ಅದು ಬಾವಿಯ ಕಟ್ಟೆಯಲ್ಲಿತ್ತು, ಹೋಟೆಲಿನ ಲೋಟದಲ್ಲಿತ್ತು, ದೇವಸ್ಥಾನದ ಹೊಸ್ತಿಲಲ್ಲಿತ್ತು. ಇದೇ ಮೈಸೂರು ಜಿಲ್ಲೆಯ ಬದನವಾಳಿನಲ್ಲಿ ದೇವಸ್ಥಾನದ ಹೊಸ್ತಿಲು ದಾಟಿದ ಕಾರಣಕ್ಕೆ ಹೊತ್ತಿಕೊಂಡ ದ್ವೇಷ 1993ರಲ್ಲಿ ಮೂವರು ದಲಿತರ ಕೊಲೆಯಲ್ಲಿ ಮುಗಿಯಿತು. ಮುಟ್ಟಿದ್ದಕ್ಕೆ ಹೆಣ ಬಿದ್ದ ನಾಡಿನಲ್ಲಿ ಮುಟ್ಟುವ ನಾಟಕ ಮುಗ್ಧವಾಗಿರಲು ಆಗುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರೇ, ನಿಮ್ಮ ಬಾಯಿಗೆ ಬೆಲ್ಲ ಇಟ್ಟ ಕೈ ಯಾರದು ಎಂದು ಗೊತ್ತಾಗಿದ್ದರೆ ಎಷ್ಟು ಜನ ಬಾಯಿ ತೆರೆಯುತ್ತಿದ್ದಿರಿ? ಈ ಪ್ರಶ್ನೆ ಕೇಳುವ ಧೈರ್ಯ ಇಲ್ಲದ ಸ್ಪರ್ಶ ಬರೀ ಚರ್ಮದ ಸುಖ.

ಹಾಗಂತ ಕನ್ನಡದಲ್ಲಿ ಯಾರೂ ಈ ಪ್ರಶ್ನೆ ಕೇಳಿಲ್ಲ ಎಂದರೆ ಸುಳ್ಳಾಗುತ್ತದೆ. 1975ರಲ್ಲಿ ಹುಟ್ಟಿದ ಸಮುದಾಯ ಬೀದಿಗೆ ಇಳಿಯಿತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಬೆಂಕಿಗೆ ಹಾಕಿದರು, ಸತ್ತವರಲ್ಲಿ ಹೆಚ್ಚಿನವರು ದಲಿತರು. ಅದನ್ನು ‘ಬೆಲ್ಚಿ’ ಎಂಬ ಬೀದಿ ನಾಟಕವಾಗಿ ಸಮುದಾಯದವರು ಜನರ ಕಾಲ ಬುಡಕ್ಕೇ ತಂದರು. ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಸಿದ್ಧಲಿಂಗಯ್ಯನವರ ಹಾಡು ಹೊತ್ತು ಕೇರಿ ಕೇರಿಗೆ ಬಂದರು. ಹಾಡಿ, ಅಲ್ಲೇ ಉಂಡು, ಅಲ್ಲೇ ಮಲಗಿದರು. ಕೆ.ಬಿ. ಸಿದ್ದಯ್ಯನವರ ಬರಹ ಹಿಡಿದು ಲಕ್ಷ್ಮಣ್ ಕೆ.ಪಿ. ಮತ್ತು ಜಂಗಮ ಕಲೆಕ್ಟಿವ್ ಕಟ್ಟಿದ ‘ದಕ್ಲಕಥಾ ದೇವಿಕಾವ್ಯ’ದಲ್ಲಿ ನಮ್ಮ ವಾದ್ಯ ಕಾಂಪೌಂಡಿನ ಹೊರಗಿನ ಸದ್ದಲ್ಲ, ಅದು ನಾಟಕದ ಉಸಿರು.

2010ರಲ್ಲಿ ಮೈಸೂರಿನ ರಂಗಾಯಣದ ಆವರಣದಲ್ಲಿ ಸಿ. ಬಸವಲಿಂಗಯ್ಯನವರು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಆಡಿಸಿದರು. ಒಂಬತ್ತು ಗಂಟೆ, ಇಡೀ ರಾತ್ರಿ. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕಿತ್ತು. ಹೊಲೆಯರ ಗುತ್ತಿ, ಅವನ ತಿಮ್ಮಿ, ಅವನ ನಾಯಿ ಹುಲಿಯನ ಹಿಂದೆ ಮೈಸೂರು ನಡೆಯಿತು. ದೊಡ್ಡ ಕೆಲಸ ಅದು, ನಾವು ಕೈ ಮುಗಿಯುತ್ತೇವೆ. ಆದರೆ ರಾತ್ರಿಯಿಡೀ ಗುತ್ತಿಯ ಹಿಂದೆ ನಡೆದ ಕಾಲುಗಳು ಬೆಳಗಾದ ಮೇಲೆ ಗುತ್ತಿಯ ಕೇರಿಗೆ ಬರಲಿಲ್ಲ. ಅದು ನಾಟಕದ ಸೋಲಲ್ಲ, ಕಾಲುಗಳ ಸೋಲು.

ನಮ್ಮ ಮಾತಿಗೆ ಅಡ್ಡ ಮಾತು ಬರುತ್ತದೆ. “ನಟನೂ ಹೊಟ್ಟೆ ಹೊರೆಯಬೇಕಲ್ಲ, 25 ಜನದ ಹತ್ತಿರ 500 ತಗೊಳ್ಳದಿದ್ದರೆ ಹೇಗೆ?” ಸರಿ. ದುಡಿದವನಿಗೆ ಕೂಲಿ ಬೇಕು, ಕೂಲಿಗಳಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೇಳುತ್ತೇವೆ: ಒಳಗಿನ ನಟನಿಗೆ ಸಂಭಾವನೆ, ಹೊರಗಿನ ತಮಟೆಯವನಿಗೆ ಕೂಲಿ, ಈ ಎರಡು ಪದ ಯಾಕೆ? ಅವನ ಹೆಸರು ಕರಪತ್ರದಲ್ಲಿ ಯಾಕಿಲ್ಲ? “ಕಲೆಗೆ ಜಾತಿ ತರಬೇಡಿ” ಅನ್ನುವವರೂ ಇದ್ದಾರೆ. ತಂದವರು ನಾವಲ್ಲ ಸ್ವಾಮಿ. ಪೇಪರ್ ಕಪ್ಪಿನಲ್ಲಿ ಸುರಿದು ಗೇಟಿಗೆ ಕಳಿಸಿದವರು ನೀವು.

ಇನ್ನು ನಮ್ಮ ಮಾತು. ನಮ್ಮ ಅಂಗಳವೂ ತೊಳೆದಿಟ್ಟ ಕನ್ನಡಿಯಲ್ಲ. ನೀಲಗಾರರ ಕತೆ ನಡೆದ ರಾತ್ರಿ ನಮ್ಮ ಅವ್ವಂದಿರು ಎಲ್ಲಿ ಕೂತಿದ್ದರು? ಬಾಗಿಲ ಸಂದಿಯಲ್ಲಿ, ಒಲೆಯ ಪಕ್ಕದಲ್ಲಿ. ಹೊಲೆಗೇರಿಯ ಕಂಬಳಿಯ ಮೇಲೆ ಮಾದಿಗರ ಹುಡುಗ ಬಂದು ಕೂರುವಷ್ಟು ಜಾಗ ಇತ್ತೇ? ಮಾದಿಗರ ಹಟ್ಟಿಗೆ ಹೋಗಿ ನಾವು ನೀರು ಕುಡಿದೆವೇ? ಇದಕ್ಕೆ ತಲೆ ತಗ್ಗಿಸಿಯೇ ಉತ್ತರ ಹೇಳಬೇಕು. ಇನ್ನೊಂದು ತಪ್ಪೂ ನಮ್ಮದೇ. ಚಳವಳಿ ಹೋಳಾಗುತ್ತ ಹೋದ ಹಾಗೆ ರಾತ್ರಿ ಕೇರಿಗೆ ಹೋಗಿ ಹಾಡುವುದನ್ನು ನಾವೇ ಬಿಟ್ಟೆವು. ಮೈಕು ಬಂತು, ವೇದಿಕೆ ಬಂತು, ಶಾಲು ಬಂತು, ಹಾರ ಬಂತು. ಏಪ್ರಿಲ್ 14ರಂದು ನಾವೂ ಎತ್ತರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆವು, ನಮ್ಮ ಜನ ಕೆಳಗೆ ಬಿಸಿಲಲ್ಲಿ ಕೂತರು. ಹತ್ತಿರ ಕೂತು ಹೇಳುವ ಕಸುಬನ್ನು ನಾವು ಕೈಬಿಟ್ಟಿದ್ದಕ್ಕೇ ಅದನ್ನು ಬೇರೆಯವರು ಎತ್ತಿಕೊಂಡು ಟಿಕೆಟ್ಟು ಹಚ್ಚಿದರು.

ಆದ್ದರಿಂದ ಆಪ್ತ ರಂಗದ ಗೆಳೆಯರಿಗೆ ನಮ್ಮ ಬೇಡಿಕೆ ಇಷ್ಟೇ. ಒಳಗಿನ ಕುರ್ಚಿ ಎಣಿಸುವ ಮೊದಲು ಗೇಟಿನ ಹೊರಗೆ ನಿಂತವರನ್ನು ಎಣಿಸಿ. ತಮಟೆ ಬಡಿಯುವವನೂ ನಟ. ಅವನಿಗೆ ಒಳಗೆ ಜಾಗ, ಸಮ ಸಂಭಾವನೆ, ಕರಪತ್ರದಲ್ಲಿ ಹೆಸರು ಕೊಡಿ. ಕಾಂಪೌಂಡಿನ ಒಳಗೆ ಆಡಿದ ಪ್ರತಿ ಆಟಕ್ಕೆ ಒಂದು ಆಟವನ್ನು ಕೇರಿಯ ಅಂಗಳದಲ್ಲಿ ಆಡಿ. ಟಿಕೆಟ್ಟು ಬೇಡ. ಕೈಲಾದ ಪಡಿ ನಾವು ಕೊಡುತ್ತೇವೆ, ಅದು ನಮಗೆ ಹೊಸದಲ್ಲ.

ಮತ್ತೆ, ಉಂಡು ಹೋಗಿ. ಇದು ಉಪಚಾರದ ಮಾತಲ್ಲ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಸಿದ್ದಪ್ಪಾಜಿಯ ಒಕ್ಕಲು ಜಾತಿ ನೋಡದೆ ಸಾಲಾಗಿ ಕೂತು ಬಾಡೂಟ ಉಣ್ಣುವುದಕ್ಕೆ ಪಂಕ್ತಿಸೇವೆ ಅನ್ನುತ್ತಾರೆ. ಪ್ರಾಣಿಬಲಿ ತಡೆಯುವ ಹೆಸರಿನಲ್ಲಿ ಆ ಪಂಕ್ತಿಯ ಮೇಲೂ ಈಚಿನ ವರ್ಷಗಳಲ್ಲಿ ಕಣ್ಣು ಬಿದ್ದಿದೆ. ನಮ್ಮ ಪರಂಪರೆಯಲ್ಲಿ ಕತೆ ಬೇರೆ, ಊಟ ಬೇರೆ ಅಲ್ಲ. ಒಟ್ಟಿಗೆ ಕೇಳಿದವರು ಒಟ್ಟಿಗೆ ಉಣ್ಣಬೇಕು. ಕಣ್ಣು ಕಟ್ಟಿದಾಗ ಬೆಲ್ಲ ತಿನ್ನುವುದು ಸುಲಭ. ಕಣ್ಣು ಬಿಟ್ಟುಕೊಂಡು, ನಮ್ಮ ದೊಡ್ಡವ್ವ ಬಡಿಸಿದ ಮುದ್ದೆಯನ್ನು, ಅವಳ ಮುಖ ನೋಡುತ್ತ ಮುರಿಯುವುದು ಕಷ್ಟ. ಆ ಕಷ್ಟವನ್ನು ದಾಟಿದ ಮೇಲೆ ನೀವು ಮಾಡುವ ನಾಟಕ ಯಾವುದಾದರೂ ಸರಿ, ನಾವು ಬೆಳಗಿನ ತನಕ ಹೂಂಗುಟ್ಟುತ್ತೇವೆ.

ನಮ್ಮ ಹುಡುಗನಿಗೆ ಕೊಡುವ ಉತ್ತರವೂ ಇದೇ. ತಮ್ಮಾ, ಮುಟ್ಟಿಸಿಕೊಳ್ಳೋಕೆ ನೀನು ಯಾರಿಗೂ ಏನೂ ಕೊಡಬೇಕಾಗಿಲ್ಲ. ತಮಟೆ ಗೋಡೆಯಿಂದ ಇಳಿಸು. ಬರುವ ಶನಿವಾರ ರಾತ್ರಿ ನಮ್ಮ ಅಂಗಳದಲ್ಲೇ ಕಂಬಳಿ ಹಾಸೋಣ. ಹಟ್ಟಿಯವರನ್ನೂ ಕರೆಯೋಣ, ಅವ್ವಂದಿರನ್ನು ಮುಂದೆ ಕೂರಿಸೋಣ. ಬಡಾವಣೆಯ ಆ 25 ಜನಕ್ಕೂ ಹೇಳಿ ಕಳಿಸೋಣ. ಬಂದರೆ ಒತ್ತರಿಸಿ ಕೂತು ಜಾಗ ಮಾಡಿಕೊಡೋಣ. ಜಾಗ ಇಲ್ಲ ಅನ್ನುವ ಮಾತು ನಮ್ಮ ಅಂಗಳದಲ್ಲಿ ಯಾರ ಬಾಯಿಂದಲೂ ಬರಬಾರದು.