ಮಗ್ಗದ ಸದ್ದು, ಮಸೀದಿಯ ಮೈಕ್

ಕರಾವಳಿ ಬಿಟ್ಟು ಇಳಕಲ್‌ಗೆ ಪಾಠ ಹೇಳಲು ಬಂದ ಹೊಸತರಲ್ಲಿ ನಾವು ಹಿಡಿದ ಬಾಡಿಗೆ ಮನೆಯ ಗೋಡೆಗೆ ತಾಗಿಯೇ ಪವರ್‌ಲೂಮ್ ಶೆಡ್ ಇತ್ತು. ರಾತ್ರಿ ಹನ್ನೊಂದಾದರೂ ಖಟಕ್ ಖಟಕ್ ನಿಲ್ಲುತ್ತಿರಲಿಲ್ಲ. ಹತ್ತು ದಿನ ಸಹಿಸಿ, ಕೊನೆಗೆ ಹೋಗಿ ಕೇಳಿಯೇ ಬಿಟ್ಟೆವು. ಮಗ್ಗದ ಯಜಮಾನರು ನಕ್ಕರು. "ಹಜರತ್, ನಮ್ಮಪ್ಪನ ಕಾಲದಿಂದ ಇಲ್ಲೇ ನೇಯಾಕತ್ತೀವ್ರಿ. ನೀವು ಬಂದದ್ದು ಮೊನ್ನಿ."

ನಮ್ಮ ಬಾಯಿ ಕಟ್ಟಿತು. ಮಸೀದಿಯ ಮೈಕ್ ವಿಷಯ ಬಂದಾಗ ನಾವು ಹೇಳುವುದೂ ಇದೇ ಮಾತಲ್ಲವೇ?

2021ರಲ್ಲಿ ಬೆಂಗಳೂರಿನ ಥಣಿಸಂದ್ರದ ಅಪಾರ್ಟ್‌ಮೆಂಟ್ ನಿವಾಸಿಗಳು 16 ಮಸೀದಿಗಳ ಧ್ವನಿವರ್ಧಕದ ವಿರುದ್ಧ ಹೈಕೋರ್ಟಿಗೆ ಹೋದ ಸುದ್ದಿ ಓದಿದಾಗ, ಮಸೀದಿ ಮೊದಲೋ ಫ್ಲ್ಯಾಟ್ ಮೊದಲೋ ಎಂದೇ ನಾವೂ ಕೇಳಿದ್ದೆವು. ನ್ಯಾಯಪೀಠ ಸರ್ಕಾರವನ್ನು ಕೇಳಿದ್ದು ಬೇರೆ. ಯಾವ ಕಾನೂನಿನಡಿ ಅನುಮತಿ, ಏನು ಕ್ರಮ, ಅಷ್ಟೇ. 2000ದ ಶಬ್ದ ಮಾಲಿನ್ಯ ನಿಯಮಗಳು ಯಾರ ವಯಸ್ಸನ್ನೂ ಕೇಳುವುದಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ನಮ್ಮ ಸುಬ್ಹಿ ಬಾಂಗ್ ವರ್ಷವಿಡೀ 6ಕ್ಕೆ ಮೊದಲೇ ಬರುತ್ತದೆ, ಅದನ್ನು ಮುಚ್ಚಿಟ್ಟು ಫಲವಿಲ್ಲ. ಬಾಂಗ್‌ನ ಮಾತುಗಳಿಂದ ಬೇರೆಯವರ ಹಕ್ಕಿಗೆ ಧಕ್ಕೆಯಿಲ್ಲವೆಂದು 2022ರ ಆಗಸ್ಟ್‌ನಲ್ಲಿ ಇದೇ ಹೈಕೋರ್ಟ್ ಹೇಳಿತು. ಆದರೆ ಶಬ್ದದ ನಿಯಮ ಜಾರಿ ಮಾಡಿ ಎಂದೂ ಹೇಳಿತು. ನಮ್ಮವರು ಮೊದಲರ್ಧವನ್ನು ಮಾತ್ರ ವಾಟ್ಸಾಪಿನಲ್ಲಿ ಹಂಚಿದರು.

ಫಿಕ್ಹ್ ಏನನ್ನುತ್ತದೆ? 19ನೇ ಶತಮಾನದಲ್ಲಿ ಉಸ್ಮಾನಿಯಾ ಸರ್ಕಾರ ಹನಫಿ ಮದ್‌ಹಬಿನ ಆಧಾರದಲ್ಲಿ ಮಾಡಿಸಿದ ಕಾನೂನು ಸಂಹಿತೆ 'ಮಜಲ್ಲಾ'. ಶಾಫಿಈಗಳಾದ ನಾವೂ ಅದನ್ನು ನೋಡಬಹುದು. ಹಳೆಯದನ್ನು ಇದ್ದ ಹಾಗೇ ಬಿಡಬೇಕು ಎಂಬುದು ಅದರ 6ನೇ ಕಲಮಿನ ಸಾರ. ಹಳೆ ಮಸೀದಿಗೂ ಹಳೆ ಮಗ್ಗಕ್ಕೂ ಇದು ಆಸರೆ. ಆದರೆ ಮರುಕ್ಷಣವೇ 7ನೇ ಕಲಮು ಬರುತ್ತದೆ: ಇನ್ನೊಬ್ಬರಿಗೆ ಆಗುವ ಹಾನಿ ಎಷ್ಟು ಹಳೆಯದಾದರೂ ಹಕ್ಕಾಗದು. ಎರಡನ್ನೂ ಒಟ್ಟಿಗೆ ಓದಬೇಕು.

ಹಾಗೆಂದು ಹೊಸಬರು ಹೇಳಿದ್ದೆಲ್ಲ ಸರಿಯೆಂದಲ್ಲ. ಲೇಔಟ್ ಬಂತೆಂದು ಮಗ್ಗಗಳನ್ನೇ ಎಬ್ಬಿಸಿದರೆ ಇಳಕಲ್ ಸೀರೆಯ ಹೆಸರು ಮಾತ್ರ ಉಳಿದೀತು, ನೇಯುವವರ ಮನೆ ಒಲೆ ಉರಿಯದು. ನಿದ್ದೆಗೆಟ್ಟವನ ಕಷ್ಟವೂ ಸುಳ್ಳಲ್ಲ, ಇದು ನಮಗೆ ಗೊತ್ತು.

ಅಂದು ಯಜಮಾನರು ಚಹಾ ಕೊಟ್ಟು ಇನ್ನೊಂದು ಮಾತು ತೆಗೆದರು. "ನಿಮ್ಮ ಮಸೀದಿ ಹಾರ್ನ್ ನಮ್ಮವ್ವ ಮಲಗೋ ಖೋಲಿಗೆ ನೇರ ಅದರೀ. ಹೇಳಬೇಕಂತ ವರ್ಷದಿಂದ ಅನ್ಕೋತಿದ್ದೆ." ಆ ವಾರ ಕಮಿಟಿಯವರು ಹಾರ್ನನ್ನು ರಸ್ತೆ ಕಡೆ ತಿರುಗಿಸಿ, ವಾಲ್ಯೂಮ್ ಇಳಿಸಿದರು. ಅನುಮತಿ ಪತ್ರ ಹುಡುಕಿದರೆ ಸಿಗಲಿಲ್ಲ, ಹೊಸತಾಗಿ ಅರ್ಜಿ ಹಾಕಿದೆವು. ಮಗ್ಗ ಈಗ ಹತ್ತಕ್ಕೆ ನಿಲ್ಲುತ್ತದೆ, ಮದುವೆ ಸೀಸನ್ ಬಿಟ್ಟು.