ಹಿರಿಯರ ಸೈಕಲ್ಲು



ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳೆಯ ಮನೆಗಳಲ್ಲಿ ಪಡಸಾಲೆಯ ಹಿಂದೆಯೋ ದನದ ಕೊಟ್ಟಿಗೆಯ ಮೂಲೆಯಲ್ಲಿಯೋ ತುಕ್ಕು ಹಿಡಿದ ಸೈಕಲ್ಲೊಂದು ಹೊಟ್ಟಿನ ಚೀಲಗಳ ಮರೆಯಲ್ಲಿ ನಿಂತಿರುವುದು ಅಪರೂಪವೇನಲ್ಲ. ದೀಪಾವಳಿಗೆ ಮನೆ ಸಾರಿಸುವಾಗ ಅದು ಗುಜರಿಯವನ ತಕ್ಕಡಿಯನ್ನೇರುವುದೂ ಉಂಟು. ನಮ್ಮ ಮನೆಯಲ್ಲಿಯೂ ಹಾಗೆಯೇ ಆಗುವುದರಲ್ಲಿತ್ತು. ವಯೋವೃದ್ಧರಾದ ತಾಯಿಯವರು ತಡೆದದ್ದರಿಂದ ನಮ್ಮ ತೀರ್ಥರೂಪರ ಸೈಕಲ್ಲು ಉಳಿಯಿತು.

ಅದು ವಿಲಾಯಿತಿಯಿಂದ ಹಡಗಿನಲ್ಲಿ ಬಂದು, ಯಾದಗಿರಿ ರೈಲು ನಿಲ್ದಾಣದಲ್ಲಿ ಇಳಿದದ್ದೆಂದು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೆವು. ಅದನ್ನು ದುರಸ್ತಿ ಮಾಡುವ ಮೊದಲು ಅದರ ಕುಲಗೋತ್ರವನ್ನು ಅರಿಯೋಣವೆಂದು ಕುಳಿತೆವು.

ಹಳೆಯ ಸೈಕಲ್ಲನ್ನು ಗುರುತಿಸುವ ವಿದ್ಯೆ ಕಷ್ಟದ್ದಲ್ಲ. ಹ್ಯಾಂಡಲ್ಲಿನ ಕೆಳಗೆ, ಮುಂಭಾಗದ ಕೊಳವೆಗೆ ಬಡಿದಿರುವ ಲೋಹದ ಬಿಲ್ಲೆಯನ್ನು ಮೊದಲು ನೋಡಬೇಕು. ಬಿಲ್ಲೆ ಕಳೆದುಹೋಗಿದ್ದರೆ ಪೆಡಲಿನ ಬಳಿಯ ಹಲ್ಲುಚಕ್ರವೇ ಹೆಸರು ಹೇಳುತ್ತದೆ. ಅದರಲ್ಲಿ ಕೊಕ್ಕರೆಯ ತಲೆ ಕೊರೆದಿದ್ದರೆ ರಾಲಿ, ಎತ್ತಿದ ಅಂಗೈ ಇದ್ದರೆ ರಡ್ಜ್, ಸಾಲಾಗಿ ಮನುಷ್ಯರ ಆಕೃತಿಗಳಿದ್ದರೆ ಹಂಬರ್, ಬಿ.ಎಸ್.ಎ. ಮೂಲತಃ ಬಂದೂಕಿನ ಕಾರ್ಖಾನೆಯಾದುದರಿಂದ ಅದರ ಗುರುತು ಮೂರು ಬಂದೂಕುಗಳು. ಹಿಂದಿನ ಚಕ್ರದಲ್ಲಿ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ವೇಗದ ಗಿಯರ್ ಹಬ್ಬು ಇದ್ದರೆ ಅದರ ಮೇಲೆ ತಯಾರಾದ ವರ್ಷದ ಅಂಕಿಗಳನ್ನು ಒತ್ತಿರುವುದುಂಟು. ಚೌಕಟ್ಟಿನ ಸಂಖ್ಯೆಯನ್ನು ಸೀಟಿನ ಕೊಳವೆಯ ಬುಡದಲ್ಲಿಯೂ ಸೀಟಿನ ಬೋಲ್ಟಿನ ಬಳಿಯೂ ಹುಡುಕಬೇಕು. ಆದರೆ ಕೇವಲ ಆ ಸಂಖ್ಯೆಯಿಂದ ವರ್ಷವನ್ನು ನಿರ್ಧರಿಸಲಾಗದು.

ನಮ್ಮದರ ಬಿಲ್ಲೆಯನ್ನು ಪೂಜೆಯ ಪಾತ್ರೆಗಳನ್ನು ತೊಳೆಯುವಂತೆ ಹುಣಸೆಯ ರಸದಿಂದ ಒರೆಸಿದಾಗ ಕೊಕ್ಕರೆ ಮೂಡಿತು. ರಾಲಿ ಎಂಬುದು ನಿಜವಾಯಿತು. ಆದರೆ ಕೊಳವೆಯ ಮೇಲಿನ ಅರ್ಧ ಅಳಿಸಿದ ಅಕ್ಷರಗಳನ್ನು ಎಣ್ಣೆಯ ಬಟ್ಟೆಯಿಂದ ಮೆಲ್ಲನೆ ಒರೆಸಿದಾಗ ‘ಸೆನ್-ರಾಲಿ’ ಎಂದು ಕಂಡಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಸೈಕಲ್ಲಲ್ಲ ಅದು! ಸ್ವಾತಂತ್ರ್ಯಾನಂತರ ನಮ್ಮ ದೇಶದಲ್ಲಿಯೇ ಸೈಕಲ್ ತಯಾರಿಕೆ ವಿಸ್ತಾರಗೊಂಡಿತು. 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೀಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಹುಟ್ಟಿದವು. ಬಂಗಾಲದ ಆಸನ್‌ಸೋಲಿನಲ್ಲಿ ಸುಧೀರ್ ಕುಮಾರ್ ಸೆನ್ ಅವರು ರಾಲಿ ಕಂಪನಿಯ ಸಹಯೋಗದಿಂದ 1950ರ ದಶಕದ ಆರಂಭದಲ್ಲಿ ಕಾರ್ಖಾನೆ ನಡೆಸಿದರು. ಅದು ಮುಂದೆ ಸರ್ಕಾರದ ವಶವಾಗಿ, ಕೊನೆಗೆ ಮುಚ್ಚಿಹೋಯಿತು.

ಈ ಸಂಗತಿಯನ್ನು ತಾಯಿಯವರಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ತೊಳಲಾಡಿದೆವು. ವಿಲಾಯಿತಿ ಸೈಕಲ್ಲೆಂಬುದು ಅವರ ಪಾಲಿಗೆ ಪತಿಯ ಗೌರವದ ಒಂದು ಭಾಗವೇ ಆಗಿತ್ತು. ಸುಳ್ಳಾಡಬಾರದೆಂಬ ಶರಣರ ನುಡಿಯನ್ನು ಮಕ್ಕಳಿಗೆ ಬೋಧಿಸುವ ನಾವೇ ಸುಮ್ಮನಿರುವುದು ಸರಿಯೆ? ಕೊನೆಗೆ ಹೇಳಿದೆವು. ಅವರು ಕ್ಷಣಕಾಲ ಸುಮ್ಮನಿದ್ದು, “ಎಲ್ಲಿದರ ಇರ್ಲಿ ತಮ್ಮಾ, ನಿಮ್ಮನ್ನೆಲ್ಲ ಅದರ ಮ್ಯಾಲೆ ಕೂಡಿಸ್ಕೊಂಡು ಚರಬಸವೇಶ್ವರರ ಜಾತ್ರಿಗಿ ಒಯ್ದಾರಲ್ಲ, ಅಷ್ಟ ಸಾಕು” ಎಂದರು. ನಮ್ಮ ಹೆಮ್ಮೆಗಿಂತ ಅವರ ತಿಳಿವಳಿಕೆ ದೊಡ್ಡದಾಗಿತ್ತು.

ಬಳಿಕ ದುರಸ್ತಿಗೆ ತೊಡಗಿದೆವು. ಮೊದಲ ತಪ್ಪು ನಮ್ಮದೇ. ಹೊಳಪು ಬರಲೆಂಬ ಆತುರದಿಂದ ಹಿಂದಿನ ಮಡ್‌ಗಾರ್ಡನ್ನು ಒರಟು ಪಾಲಿಶ್ ಕಾಗದದಿಂದ ಉಜ್ಜಿದೆವು. ತುಕ್ಕಿನೊಂದಿಗೆ ಕೈಯಿಂದ ಎಳೆದ ಬಂಗಾರದ ಗೆರೆಯೂ ಹೋಯಿತು. ಹೋದದ್ದು ಮರಳಿ ಬಾರದು. ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ: ಮೂಲ ಬಣ್ಣ ಅರ್ಧದಷ್ಟಾದರೂ ಉಳಿದಿದ್ದರೆ ಹೊಸ ಬಣ್ಣ ಬಳಿಯಬೇಡಿ, ಮೆತ್ತನೆಯ ಬಟ್ಟೆ, ತೆಳುವಾದ ಎಣ್ಣೆ, ತಾಳ್ಮೆ ಇವು ಸಾಕು.

ಬಿಗಿದ ನಟ್ಟುಬೋಲ್ಟುಗಳಿಗೆ ಸೀಮೆಎಣ್ಣೆಯನ್ನೋ ತೆಳುವಾದ ಎಣ್ಣೆಯನ್ನೋ ಹಾಕಿ ಎರಡು-ಮೂರು ದಿನ ಕಾಯಬೇಕು. ಎಡಗಡೆಯ ಪೆಡಲಿನ ತಿರುಪು ಮಾತ್ರ ತಿರುವುಮುರುವು. ಅದನ್ನು ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಇದನ್ನರಿಯದೆ ಬಲಪ್ರಯೋಗ ಮಾಡಿದರೆ ಕ್ರ್ಯಾಂಕೇ ಹಾಳಾದೀತು. ಕಾಟರ್ ಪಿನ್ನನ್ನು ಹೊಡೆದು ತೆಗೆಯುವಾಗ ಕೆಳಗೆ ಗಟ್ಟಿಯಾದ ಆಸರೆಯಿರಲಿ. ಒಳಗಿನ ಉಕ್ಕಿನ ಗುಂಡುಗಳು ಸಣ್ಣ ಗಾತ್ರದವು ಬೇರೆ, ದೊಡ್ಡವು ಬೇರೆ; ಎಣಿಸಿ ಪ್ರತ್ಯೇಕ ಬಟ್ಟಲುಗಳಲ್ಲಿಡಬೇಕು. ಹೊಂಡ ಬಿದ್ದ ಗುಂಡುಗಳನ್ನು ಬದಲಾಯಿಸಿ, ಹೊಸ ಗ್ರೀಸು ತುಂಬಬೇಕು. ಚರ್ಮದ ಸೀಟಿಗೆ ಎಣ್ಣೆ ಸುರಿದರೆ ಅದು ಮೆತ್ತಗಾಗಿ ಜೋತುಬೀಳುತ್ತದೆ. ಮೇಣವನ್ನು ತೆಳುವಾಗಿ ಸವರಿದರೆ ಸಾಕು. 28 ಇಂಚಿನ ಟಾಯರು, ಟ್ಯೂಬು, ಬ್ರೇಕಿನ ರಬ್ಬರುಗಳು ಇಂದಿಗೂ ದೊರೆಯುತ್ತವೆ. ಆದರೆ ಚೌಕಟ್ಟಿನಲ್ಲಿಯೋ ಮುಂದಿನ ಫೋರ್ಕಿನಲ್ಲಿಯೋ ಬಿರುಕು ಕಂಡರೆ ಅದನ್ನು ಏರಿ ಹೋಗುವ ಸಾಹಸ ಬೇಡ. ನೆನಪಿಗಿಂತ ಪ್ರಾಣ ದೊಡ್ಡದು.

ನೂಲಿನ ಎಳೆಯೊಂದನ್ನೂ ಕಡೆಗಣಿಸದ ನೇಕಾರ ಶರಣ ಜೇಡರ ದಾಸಿಮಯ್ಯನವರು ಸುರಪುರ ಸೀಮೆಯ ಮುದನೂರಿನವರು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಶರಣಧರ್ಮ ಈ ನೆಲದಲ್ಲಿ ಬಾಳಿ ಬಂದದ್ದು. ಸೈಕಲ್ ರಿಪೇರಿಯ ಅಂಗಡಿಯಲ್ಲಿ ಕೈಮಸಿ ಮಾಡಿಕೊಂಡು ನಮಗೆ ಈ ವಿದ್ಯೆಯನ್ನು ಕಲಿಸಿದ ಹಿರಿಯರೂ ನಮ್ಮ ಪಾಲಿಗೆ ಗುರುಗಳೇ. ಅಂಥವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರ ಬಳಿ ನಮ್ಮ ಮಕ್ಕಳು ಒಂದು ರಜೆಯನ್ನಾದರೂ ಕಳೆಯಲಿ.

ಗೆರೆ ಅಳಿಸಿದ ಆ ಮಡ್‌ಗಾರ್ಡು ಹಾಗೆಯೇ ಇದೆ, ನಮ್ಮ ಆತುರದ ಸಾಕ್ಷಿಯಾಗಿ. ಸಂಜೆ ಮೊಮ್ಮಗ ಅದನ್ನು ಅಂಗಳದಲ್ಲಿ ತುಳಿಯುವಾಗ ತಾಯಿಯವರು ಗಂಟೆಯ ಸದ್ದಿಗೆ ಕಿವಿಗೊಟ್ಟು ಬಾಗಿಲಲ್ಲಿ ಕುಳಿತಿರುತ್ತಾರೆ. ಗುಜರಿಯವನು ಕೊಡುವ ಹಣದಲ್ಲಿ ಅದು ದೊರೆಯುತ್ತಿರಲಿಲ್ಲ.